ಕಿನ್ನೌರಿನವನ ಕೋಟು

ಎಪ್ಪತ್ತರ ದಶಕದ ಆರಂಭ, ನ್ಯೂಯಾರ್ಕ್ ಪಕ್ಕದ ಹೋಬೋಕನ್‌ನಲ್ಲಿ ನಮ್ಮ ಮೊದಲ ಚಳಿಗಾಲ. ಬೆಂಗಳೂರಿನ ಸ್ವೆಟರೇ ಸಾಕೆಂದು ಹಟ ಹಿಡಿದಿದ್ದ ನಾನು ಜನವರಿ ಕೊನೆಗೆ ಸೋತು, ಹೆಂಡತಿಯೊಂದಿಗೆ ಮ್ಯಾನ್‌ಹಟನ್ನಿನ ಹಳೆಯ ಕೋಟುಗಳ ಅಂಗಡಿಗೆ ಹೋದೆ. ಹಸಿರು ಪಟ್ಟಿಯ ಉಣ್ಣೆ ಟೋಪಿ ಹಾಕಿದ್ದ ಅಂಗಡಿಯವನು ಹಿಂದಿಯಲ್ಲಿ ಸ್ವಾಗತಿಸಿದ. ಚೌಕಾಸಿಗೆ ಮೊದಲು ಊರು ಕೇಳುವುದು ನನ್ನ ಪದ್ಧತಿ, ನೀವೂ ರೂಢಿಸಿಕೊಳ್ಳಿ.

“ಕಿನ್ನೌರ್,” ಎಂದ.

ನನಗೆ ಕೇಳಿಸಿದ್ದು ಕಿನ್ನೂರು. ಊರು ಅಂತ ಮುಗಿದ ಮೇಲೆ ನಮ್ಮ ಕಡೆಯೇ ತಾನೆ? ನೇರ ಕನ್ನಡಕ್ಕೇ ಇಳಿದೆ: “ಅಯ್ಯೋ, ನಮ್ಮೋರೇ ಆದ್ರಿ! ರಾಣೆಬೆನ್ನೂರು ಹತ್ರಾನಾ?”

ಅವನು ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಹಿಂದಿಯಲ್ಲಿ ವಿವರಿಸಿದ: ಶಿಮ್ಲಾ ದಾಟಿ, ಸಟ್ಲೆಜ್ ನದಿಯ ಮೇಲೆ ಬಂಡೆ ಕೊರೆದ ದಾರಿಯಲ್ಲಿ ಹೋದರೆ ಟಿಬೆಟ್ ಗಡಿಗೆ ಅಂಟಿಕೊಂಡಿರುವ ಜಿಲ್ಲೆ. ಅಲ್ಲಿನ ಚಳಿಗಾಲದಲ್ಲಿ, ಸಂಕ್ರಾಂತಿಯ ಹೊತ್ತಿಗೆ, ಊರ ದೇವರುಗಳೇ ಗುಡಿ ಬಿಟ್ಟು ಸ್ವರ್ಗಕ್ಕೆ ಹೊರಡುತ್ತಾರಂತೆ.

“ರೀ, ನಿಮ್ಮೂರಿನೋರು ಎಷ್ಟು ಬಿಡ್ತಾರಂತೆ?” ಹೆಂಡತಿ ಚುಚ್ಚಿದಳು.

ನಾನು ಬಿಡುವವನಲ್ಲ. ಆರಿಸಿಕೊಂಡ ಕೋಟಿನ ತೋಳು ಸವೆದಿದೆ, ಗುಂಡಿ ಹೋಗಿದೆ, ನಾವೂ ಭಾರತದವರೇ ಎಂದು ಇದ್ದ ಬಾಣವನ್ನೆಲ್ಲ ಬಿಟ್ಟೆ. ಅವನು ಕೋಟು ಮಡಚುತ್ತಾ ಶಾಂತವಾಗಿ ಹೇಳಿದ: “ಭಾಯಿಸಾಬ್, ಸಂಕ್ರಾಂತಿ ಮುಗೀತಲ್ಲ. ನಮ್ಮ ದೇವರು ವಾಪಸ್ ಬರೋವರೆಗೂ ಯಾರ ಬೇಡಿಕೆಯನ್ನೂ ಕೇಳೋರಿಲ್ಲ.”

ಹೊರಗೆ ಹಿಮ ಶುರುವಾಗಿತ್ತು. ಕೇಳಿದಷ್ಟೂ ಕೊಟ್ಟು, ಕೋಟನ್ನು ಅಲ್ಲೇ ತೊಟ್ಟುಕೊಂಡೆ. ಅಂದಿನಿಂದ ಹೊಸದಾಗಿ ಬರುವ ಕನ್ನಡಿಗರಿಗೆಲ್ಲ ಹೇಳುತ್ತಿದ್ದೇನೆ: ಕೋಟಿನ ಚೌಕಾಸಿ ಏನಿದ್ದರೂ ಸಂಕ್ರಾಂತಿಗೆ ಮೊದಲೇ ಮುಗಿಸಿಕೊಳ್ಳಿ.