ಬಿರುಕಿಗೆ ಅಂಟಿಸಿದ ಕಾಗದ

ಆ ಬುಧವಾರ ನಲ್ಲಿಯಲ್ಲಿ ನೀರು ಬರುವ ದಿನ. ಐದಕ್ಕೇ ಎದ್ದು ಬಿಂದಿಗೆಗಳನ್ನೆಲ್ಲ ತುಂಬಿ, ಹಾಲು ಒಲೆಗಿಟ್ಟು, ಯಜಮಾನರ ಡಬ್ಬಿಗೆ ಚಪಾತಿ ಲಟ್ಟಿಸುತ್ತಿದ್ದೆ. ಅವರು ಬಂಗಾರಪೇಟೆಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತರು. ಬೆಳಗಿನ ರೈಲು ತಪ್ಪಿದರೆ ರಾಬರ್ಟ್‌ಸನ್‌ಪೇಟೆಗೆ ಹೋಗಿ ಬಸ್ಸು ಹಿಡಿಯಬೇಕು, ಬಸ್ಸಿನಲ್ಲಿ ನಿಂತೇ ಹೋಗಬೇಕು. ಹಾಗಾಗಿ ಆ ಹೊತ್ತಿನಲ್ಲಿ ನಮ್ಮಿಬ್ಬರ ನಡುವೆ ಮಾತಿಲ್ಲ, ಮಾತಾಡುವುದು ಟಿವಿ ಮಾತ್ರ. ಗಡ್ಡ ಹೆರೆಯುವಾಗ ಅವರಿಗೆ ರಾಶಿಭವಿಷ್ಯ ಬೇಕು. ನಂಬಿಕೆಯೇನಿಲ್ಲ. "ಆ ಯಪ್ಪ ಮುಗಿಸೋ ಹೊತ್ತಿಗೆ ನನ್ನ ಗಡ್ಡಾನೂ ಮುಗಿದಿರುತ್ತೆ, ಗಡಿಯಾರ ನೋಡೋದು ತಪ್ಪುತ್ತೆ" ಅನ್ನುತ್ತಾರೆ.

ಅವತ್ತು ಭವಿಷ್ಯ ಬರಲಿಲ್ಲ. ಬದಲಿಗೆ ಯಾರೋ ತಗಡಿನ ಡ್ರಮ್ಮು ಬಾರಿಸಿದ ಹಾಗೆ ಸದ್ದು, ಅದರ ಹಿಂದೆಯೇ ಒಂದು ಗಂಟಲು: "ಬಾಯ್ತೆರೆದ ಭೂಮಿ! ಕುಸಿಯುತ್ತಾ ಚಿನ್ನದ ಊರು?"

ಹಾಲಿನ ಪಾತ್ರೆ ಇಳಿಸಿ ಬಂದು ನೋಡಿದೆ. ನಮ್ಮ ನಂದಿದುರ್ಗ, ಮುಚ್ಚಿದ ಚಿನ್ನದ ಗಣಿಯ ಬಡಾವಣೆ. ನಮ್ಮದೇ ಲೈನು, ಗಣಿ ನಡೆಯುತ್ತಿದ್ದ ಕಾಲದಲ್ಲಿ ಕೆಲಸಗಾರರಿಗೆಂದು ಕಟ್ಟಿಸಿದ ಸಾಲುಮನೆಗಳು. ಮಾವನವರ ಕಾಲದಿಂದ ನಾವಿರುವುದು ಅಲ್ಲೇ. ಆಮೇಲೆ ಕಂಡದ್ದು ಪಕ್ಕದ ಮನೆಯ ಒಳಗೋಡೆ. ಗೋಡೆಯಲ್ಲಿದ್ದ ಬಿರುಕಿನ ಸುತ್ತ ಒಂದು ಕೆಂಪು ವೃತ್ತ, ಉಸಿರಾಡುತ್ತಿರುವ ಹಾಗೆ ಊದುತ್ತ ಕುಗ್ಗುತ್ತ ಇತ್ತು. ಅದರತ್ತ ಒಂದು ಬಾಣ. ಕೆಳಗೆ ದಪ್ಪ ಅಕ್ಷರಗಳಲ್ಲಿ "ರಕ್ಕಸ ಬಿರುಕು! ಕ್ಷಣಕ್ಷಣಕ್ಕೂ ಸಾವಿನ ಭಯ!"

"ಲೇ, ಇದು ಅಕ್ಕನ ಬಾಚಣಿಗೆ ಸಂದಿ ಅಲ್ವೇನೆ?" ಎಂದರು ಯಜಮಾನರು, ಅರ್ಧ ಮುಖಕ್ಕೆ ಸೋಪು ಮೆತ್ತಿಕೊಂಡೇ.

ಅದೇ. ಪಕ್ಕದ ಮನೆಯ ಅಕ್ಕ ನಾನು ಮದುವೆಯಾಗಿ ಬಂದಾಗಿನಿಂದಲೂ ತಲೆ ಬಾಚಿಕೊಂಡು ಬಾಚಣಿಗೆ ಸಿಕ್ಕಿಸುವುದು ಆ ಬಿರುಕಿನಲ್ಲೇ. ಒಮ್ಮೊಮ್ಮೆ ಕರೆಂಟ್ ಬಿಲ್ಲನ್ನೂ ಅಲ್ಲೇ ಸಿಕ್ಕಿಸುತ್ತಾರೆ. ಬಂಗಾರಪೇಟೆ ಕಡೆಯ ಹಳ್ಳಿಯವರು ಅವರು, ಗಂಡ ಗಣಿಯ ಕೆಳಗೆ ಮರದ ಆಸರೆ ನಿಲ್ಲಿಸುವ ಕೆಲಸದಲ್ಲಿದ್ದರು. ಗಂಡ ತೀರಿಹೋಗಿ ಹತ್ತು ವರ್ಷವಾಯಿತು.

ನಡೆದದ್ದು ಇಷ್ಟು. ಸೋಮವಾರ ಮಧ್ಯಾಹ್ನ ನೆಲದಡಿಯಲ್ಲಿ ಒಂದು ಸಲ ದಡ್ ಎಂದಿತ್ತು. ಸ್ಟ್ಯಾಂಡಿನಲ್ಲಿದ್ದ ತಟ್ಟೆಗಳು ಒಂದಕ್ಕೊಂದು ತಾಗಿ ಸುಮ್ಮನಾದವು. ಈ ಊರಲ್ಲಿ ಹುಟ್ಟಿ ಬೆಳೆದವರಿಗೆ ಅದು ಹೊಸದಲ್ಲ. ಮುಚ್ಚಿದ ಗಣಿಗಳಲ್ಲಿ ನೀರು ತುಂಬಿದೆ, ಆಗಾಗ ಕೆಳಗೆ ಏನೋ ಮಗ್ಗುಲು ಬದಲಿಸುತ್ತದೆ. ನಾನು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿ, ಲೋಟದ ನೀರು ಅಲ್ಲಾಡುವುದು ನಿಂತ ಮೇಲೆ ಮತ್ತೆ ಅಕ್ಕಿಗೆ ಕೈ ಹಾಕಿದ್ದೆ.

ಮಂಗಳವಾರ ಮೈಕು ಹಿಡಿದ ಒಬ್ಬ ಹುಡುಗಿಯೂ ಕ್ಯಾಮೆರಾದವರೂ ಲೈನಿಗೆ ಬಂದರು. ಒಳ್ಳೆಯ ಹುಡುಗಿ. ಬಿಸಿಲಿಗೆ ಮುಖ ಕೆಂಪಾಗಿತ್ತು, ಚಪ್ಪಲಿಯ ಉಂಗುಷ್ಟ ಕಿತ್ತು ಪಿನ್ನು ಹಾಕಿಕೊಂಡಿದ್ದಳು. "ಅಜ್ಜಿ, ಊಟ ಆಯ್ತಾ?" ಎಂದು ಅಕ್ಕನನ್ನು ಮೆಲ್ಲಗೆ ಕೇಳಿದಳು, ಮಜ್ಜಿಗೆ ಕುಡಿದಳು. ಆಮೇಲೆ ಕ್ಯಾಮೆರಾದವರು ಕೈ ಎತ್ತಿದ್ದೇ ತಡ, ಅವಳ ಕತ್ತಿನ ನರ ಉಬ್ಬಿತು, ಆ ಸಣ್ಣ ಮೈಯಿಂದ ಅಂಥ ದನಿ ಹೇಗೆ ಹೊರಟಿತೋ! ಬಾಗಿಲಲ್ಲಿ ನಿಂತಿದ್ದ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮುಗಿದೊಡನೆ ಮತ್ತೆ ಅದೇ ಮೆಲುದನಿ, "ಇನ್ನೊಂದು ಲೋಟ ಸಿಗುತ್ತಾ ಅಜ್ಜಿ?" ಪಾಪ, ಅವಳ ಕೆಲಸವೇ ಹಾಗೆ ಅನ್ನಿಸಿತು.

ಆ ಬುಧವಾರ ಬೆಳಿಗ್ಗೆ ಏಳಕ್ಕೆ ಫೋನು ಬಂತು. ಮಂಡ್ಯದಿಂದ ಬೀಗಿತ್ತಿಯವರು.

ಇಲ್ಲಿ ಒಂದು ಮಾತು ಹೇಳಬೇಕು. ನಮಗೆ ಒಬ್ಬಳೇ ಮಗಳು. ಅವಳಿಗೆ ಏಳು ತಿಂಗಳು ತುಂಬಿ, ಸೀಮಂತವೂ ಆಗಿತ್ತು. ಚೊಚ್ಚಲ ಹೆರಿಗೆಗೆ ಶುಕ್ರವಾರ ಅಳಿಯಂದಿರು ಅವಳನ್ನು ಕರೆದುಕೊಂಡು ಬರುವುದು, ಬಂಗಾರಪೇಟೆ ಸ್ಟೇಷನ್ನಿನಲ್ಲಿ ಯಜಮಾನರು ಕಾಯುವುದು ಎಂದು ತಿಂಗಳ ಹಿಂದೆಯೇ ನಿಶ್ಚಯವಾಗಿತ್ತು. ನನ್ನ ಹಳೆಯ ಕಾಟನ್ ಸೀರೆಗಳನ್ನು ಬಿಸಿನೀರಿನಲ್ಲಿ ಕುದಿಸಿ, ಚೌಕ ಚೌಕ ಕತ್ತರಿಸಿ, ಅಂಚು ಹೊಲಿದು ಮಡಿಸಿಟ್ಟಿದ್ದೆ. ಬಾಣಂತಿಗೆಂದು ಬೆಳ್ಳುಳ್ಳಿ ಬಿಡಿಸಿ ಒಣಗಿಸಿದ್ದೆ.

"ಬೀಗ್ರೇ, ಟಿವಿ ನೋಡುದ್ರಾ?" ಎಂದರು. "ನಂಗೆ ಕೈಕಾಲೇ ಆಡ್ತಿಲ್ಲ ಕಣ್ರೀ. ನೀವು ಅದ್ರೊಳಗೆ ಹೆಂಗ್ರೀ ಮಲಗ್ತೀರಾ?"

"ಅಂಥದ್ದೇನಿಲ್ಲ ಬೀಗ್ರೇ, ಅದು ಹಳೇ ಬಿರುಕು..."

"ತಪ್ಪು ತಿಳ್ಕೋಬೇಡಿ. ತವರುಮನೆ ಆಸೆ ನಂಗೆ ಗೊತ್ತಿಲ್ವಾ? ನಾನೂ ಹೆಣ್ಣೇ ಅಲ್ವಾ? ಆದ್ರೆ ಬಸುರಿ ಹುಡುಗೀನ ಹಂಗ್ ಬಾಯ್ಬಿಟ್ಟಿರೋ ಊರಿಗೆ ಹೆಂಗ್ ಕಳ್ಸಾನ? ಇಲ್ಲೇ ಆಗ್ಲಿ ಹೆರಿಗೆ. ನೀವೇ ಬಂದ್ಬಿಡಿ."

ಎದುರು ಮಾತಾಡುವುದು ನನಗೆ ಬಾರದು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಮೊದಲು ಕಲಿಸಿದ್ದೇ ಎದುರಾಡದಿರುವುದನ್ನು. "ಸರಿ ಬೀಗ್ರೇ, ನಿಮಗೆ ಹೇಗೆ ತೋರುತ್ತೋ ಹಾಗೆ" ಎಂದು ಫೋನಿಟ್ಟೆ. ಇಟ್ಟ ಮೇಲೆ ಮಂಚದ ಮೇಲಿದ್ದ ಆ ಬಟ್ಟೆಗಳನ್ನು ಸುಮ್ಮನೆ ಬಿಚ್ಚಿ ಮತ್ತೆ ಮಡಿಸಿದೆ. ಯಜಮಾನರು ಡಬ್ಬಿ ಎತ್ತಿಕೊಂಡು ಬಾಗಿಲಲ್ಲಿ ನಿಂತವರು, "ಸಂಜೆ ಬಂದು ನಾನು ಮಾತಾಡ್ತೀನಿ, ನೀನು ಟಿವಿ ಆರಿಸು" ಎಂದು ಹೋದರು.

ಆರಿಸಲಿಲ್ಲ. ಅದನ್ನೇ ನೋಡುತ್ತ ಕುಳಿತೆ. ಅರ್ಧ ಗಂಟೆಗೊಮ್ಮೆ ಅದೇ ಗೋಡೆ, ಅದೇ ವೃತ್ತ, ಅದೇ ಡ್ರಮ್ಮು. ಐವತ್ತು ವರ್ಷ ಈ ಊರಿನ ನೀರು ಕುಡಿದವಳು ನಾನು. ಹತ್ತು ಗಂಟೆಯ ಹೊತ್ತಿಗೆ ನಮ್ಮ ಮನೆಯ ಗೋಡೆಗಳನ್ನು ತಡವಿ ನೋಡುತ್ತಿದ್ದೆ! ದೇವರ ಗೂಡಿನ ಮೇಲೆ ಜೇಡರ ಬಲೆಯ ಎಳೆಯೊಂದು ಬಿರುಕಿನ ಹಾಗೆ ಕಂಡು, ಸ್ಟೂಲು ಹತ್ತಿ ಬೆರಳಿಟ್ಟು ನೋಡಿದೆ. ಭಯ ಹಾಗೆಯೇ, ಕೂಗಿದವರ ಮೇಲೆ ಸಿಟ್ಟು ಬಂದರೂ ಕೂಗಿದ್ದು ಒಳಗೆ ಇಳಿದಿರುತ್ತದೆ.

ನನಗೆ ಶಾಲೆಯ ದಿನಗಳು ನೆನಪಾದವು. ಅಪ್ಪ ಇದೇ ಊರಿನ ಕೋರಮಂಡಲ್ ಗಣಿಯ ಆಫೀಸಿನಲ್ಲಿದ್ದರು. ಆಗ ಕೆಳಗೆ ಬಂಡೆ ಸಿಡಿದರೆ ನಮ್ಮ ಡೆಸ್ಕಿನ ಮೇಲಿನ ಪೆನ್ಸಿಲುಗಳು ತಾವಾಗಿ ಉರುಳುತ್ತಿದ್ದವು. ಸಿಸ್ಟರು ಒಂದು ಕ್ಷಣ ಸೀಮೆಸುಣ್ಣ ಹಿಡಿದ ಕೈಯನ್ನು ಬೋರ್ಡಿನ ಮೇಲೆಯೇ ನಿಲ್ಲಿಸಿ, ಮತ್ತೆ ಬರೆಯುತ್ತಿದ್ದರು. ಎಷ್ಟೋ ಸಲ ಅಷ್ಟೇ. ಕೆಲವು ಸಲ ಮಾತ್ರ ಅರ್ಧ ಗಂಟೆ ಕಳೆದು ಇನ್ನೊಬ್ಬ ಸಿಸ್ಟರು ಬಾಗಿಲಿಗೆ ಬರುತ್ತಿದ್ದರು. ಅಪ್ಪ ಗಣಿಯೊಳಗೆ ಇಳಿದಿದ್ದ ಒಬ್ಬ ಹುಡುಗಿಯ ಹತ್ತಿರ ಹೋಗಿ, ಭುಜದ ಮೇಲೆ ಕೈಯಿಟ್ಟು, ಪಕ್ಕದವಳಿಗೂ ಕೇಳಿಸದಷ್ಟು ಮೆಲ್ಲಗೆ, "ಬ್ಯಾಗ್ ತಗೋ ಮಗು, ಮನೆಗೆ ಹೋಗೋಣ" ಎನ್ನುತ್ತಿದ್ದರು. ಪುಸ್ತಕಗಳನ್ನು ಬ್ಯಾಗಿಗೆ ತುಂಬುವುದಕ್ಕೆ ಅವರೇ ಸಹಾಯ ಮಾಡುತ್ತಿದ್ದರು. ನಾವೆಲ್ಲ ತಲೆ ತಗ್ಗಿಸಿ ಕೂತಿರುತ್ತಿದ್ದೆವು. ನಾನು ಕೇಳಿದ ಅತಿ ದೊಡ್ಡ ಸುದ್ದಿಗಳು ಆ ದನಿಯಲ್ಲಿ ಬಂದವು. ಬಾಚಣಿಗೆ ಹಿಡಿಸುವ ಸಂದಿಗೇ 'ರಕ್ಕಸ' ಎಂದುಬಿಟ್ಟರೆ, ಆ ಹುಡುಗಿಯರ ಮನೆಯಲ್ಲಿ ಆದದ್ದಕ್ಕೆ ಯಾವ ಪದ ಉಳಿಯಿತು?

ಹನ್ನೊಂದರ ಸುಮಾರಿಗೆ ಮತ್ತೆ ಆ ಗೋಡೆ ಬಂತು. ಈ ಸಲ ಕ್ಯಾಮೆರಾ ತೀರ ಹತ್ತಿರ ಹೋಗಿತ್ತು. ವೃತ್ತದ ಒಳಗೆ, ಬಾಚಣಿಗೆಯ ಕೆಳಗೆ, ಬಿರುಕಿಗೆ ಅಡ್ಡಲಾಗಿ ಹಳದಿ ಬಣ್ಣಕ್ಕೆ ತಿರುಗಿದ ಒಂದು ಕಾಗದದ ಪಟ್ಟಿ. ನಾನು ಎದ್ದು ನಿಂತೆ.

ಅದನ್ನು ಅಂಟಿಸಿದ್ದು ಅಕ್ಕನ ಗಂಡ. ಗಣಿ ಮುಚ್ಚಿ, ಪಂಪುಗಳು ನಿಂತು, ಒಳಗೆ ನೀರು ಏರುತ್ತಿದೆ ಎಂದು ಜನ ಮಾತಾಡುತ್ತಿದ್ದ ಕಾಲ. ಗಣಿಯೊಳಗೆ ಬಂಡೆಯ ಬಿರುಕನ್ನು ಕಾಯುವ ಕ್ರಮ ಅವರಿಗೆ ಗೊತ್ತಿತ್ತು. ಅಡ್ಡಲಾಗಿ ಏನಾದರೂ ಅಂಟಿಸಿ ತಾರೀಖು ಬರೆಯುವುದು. ಬಿರುಕು ಒಂದು ಕೂದಲಷ್ಟು ಅಗಲವಾದರೂ ಅಂಟಿಸಿದ್ದು ಹರಿಯುತ್ತದೆ. ಹುಳು ತಿನ್ನದಿರಲಿ ಎಂದು ಮೈಲುತುತ್ತ ಹಾಕಿ ಮೈದಾ ಅಂಟು ಕಾಯಿಸಿಕೊಟ್ಟವಳು ನಾನೇ. ಅವರಿಗೆ ಬರೆಯಲು ಬಾರದು. ಆಗ ಒಂದನೇ ಕ್ಲಾಸಿನಲ್ಲಿದ್ದ ನನ್ನ ಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, "ಬರಿ ತಾಯಿ, ನೀನೇ ನಮ್ ಇಂಜಿನೇರು" ಎಂದು ಪೆನ್ಸಿಲಿನಲ್ಲಿ ತಾರೀಖು ಬರೆಸಿದ್ದರು. ಇಪ್ಪತ್ತು ವರ್ಷ ದಾಟಿದೆ. ಅಕ್ಕ ಪ್ರತಿ ಹಬ್ಬಕ್ಕೂ ಗೋಡೆಗೆ ಸುಣ್ಣ ಬಳಿಯುವಾಗ ಆ ಒಂದು ಗೇಣು ಜಾಗ ಬಿಟ್ಟು ಬಳಿಯುತ್ತಾರೆ.

ಪಕ್ಕದ ಮನೆಗೆ ಓಡಿದೆ. ಅಕ್ಕ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಏನ್ ಕಾನ್ವೆಂಟಮ್ಮಾ, ಮಕ ಇಂಗ್ಯಾಕೆ? ಟಿವೀಲಿ ನನ್ ಗೋಡೆ ಬಂತು, ನಿನ್ದು ಬರ್ಲಿಲ್ಲ ಅಂತ ಒಟ್ಟೆಕಿಚ್ಚಾ?"

ಬೀಗಿತ್ತಿಯವರು ಹೇಳಿದ್ದನ್ನು ಹೇಳಿದೆ. ಅಕ್ಕನ ಕೈ ನಿಂತಿತು. ಕಾಯಿ ಮೊರಕ್ಕೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, "ಫೋನ್ ಆಕು ಆಯಮ್ಮಂಗೆ. ಮಕ ಕಾಣೋದು ಆಕು" ಎಂದರು.

ವಿಡಿಯೋ ಕಾಲ್ ಮಾಡಿದೆ. ನನ್ನ ಕೈ ನಡುಗುತ್ತಿದ್ದುದರಿಂದ ಮಂಡ್ಯದವರಿಗೆ ಮೊದಲು ಮನೆಯೇ ಅಲ್ಲಾಡಿದ ಹಾಗೆ ಕಂಡಿರಬೇಕು. "ಅಯ್ಯೋ ಶಿವನೇ!" ಎಂದರು.

"ಮನೆ ಅಲ್ಲಾಡ್ತಿಲ್ಲ ತಾಯಿ, ನಿಮ್ ಬೀಗಿತ್ತಿ ಅಲ್ಲಾಡ್ತಾವ್ಳೆ" ಎಂದು ಅಕ್ಕ ನನ್ನ ಮೊಣಕೈ ಹಿಡಿದು ಗೋಡೆಯ ಹತ್ತಿರ ಎಳೆದರು. "ನೋಡಿ, ಇದೇ ನಿಮ್ ರಕ್ಕಸ. ಬಾಚಣಿಗೆ ಹಲ್ಲು ಓಯ್ತದೆ, ಇಡಿ ಓಗಲ್ಲ. ಈ ಕಾಗ್ದ ನೋಡಿ. ನಮ್ ಯಜಮಾನ್ರು ಅಂಟ್ಸಿದ್ದು. ಗೋಡೆ ಒಸಿ ಅಲ್ಲಾಡಿದ್ರೂ ಇದು ಅರೀಬೇಕು. ಅರ್ದದಾ? ಇಲ್ಲ. ಅರ್ದಿದ್ ದಿನ ನಾನೇ ಗಂಟು ಕಟ್ಕೊಂಡು ನಿಮ್ ಮಂಡ್ಯಕ್ಕೆ ಬತ್ತೀನಿ, ನನ್ಗೂ ಒಂದು ಮಂಚ ಆಕಿ."

ಬೀಗಿತ್ತಿಯವರು ಕನ್ನಡಕ ಸರಿಮಾಡಿಕೊಂಡು ಕಾಗದವನ್ನು ನೋಡಿದರು. ಆಮೇಲೆ, "ಅದ್ಯಾಕ್ರೀ ಟಿವಿಯೋರು ಆ ಕಾಗ್ದದ ವಿಷ್ಯ ಹೇಳ್ಲೇ ಇಲ್ಲ?"

"ಅವ್ರು ಕೇಳ್ಲಿಲ್ಲ, ನಾನು ಏಳ್ಲಿಲ್ಲ. ಮಜ್ಜಿಗೆ ಉಪ್ಪಾಯ್ತಾ ಅಂತ ನಾನ್ ಕೇಳ್ದೆ, ಬಯ ಆಯ್ತದಾ ಅಜ್ಜಿ ಅಂತ ಆ ಉಡುಗಿ ಕೇಳ್ತು. ಆ ಕೂಗಿಗೆ ಬಯ ಆಯ್ತದೆ ಕಣವ್ವ ಅಂದೆ. ಅದನ್ನ ಕತ್ರಾಕ್ಬಿಟ್ಟವ್ರೆ."

ಹಿಂದಿನಿಂದ ಮಗಳ ಮುಖ ಇಣುಕಿತು. ಕಣ್ಣು ಊದಿತ್ತು, ಬೆಳಿಗ್ಗೆಯಿಂದ ಅತ್ತಿದ್ದಾಳೆ ಎಂದು ಗೊತ್ತಾಯಿತು. ಫೋನಿಗೆ ಹತ್ತಿರ ಬಗ್ಗಿ ನೋಡಿದವಳು, "ಅತ್ತೆ, ಅದು ನನ್ನ ಅಕ್ಷರ! ಒಂದು ಅಂಕಿ ತಿರುಗುಮುರುಗಾಗಿದೆ ನೋಡಿ. ಅಮ್ಮ, ಅದು ಇನ್ನೂ ಇದೆಯಾ?" ಎಂದು ನಗಲಾರಂಭಿಸಿದಳು.

ಬೀಗಿತ್ತಿಯವರು ನಗಲಿಲ್ಲ. "ಇವ್ರನ್ನ ಒಂದು ಮಾತು ಕೇಳಿ ಸಂಜೆ ಹೇಳ್ತೀನಿ" ಎಂದು ಫೋನಿಟ್ಟರು. ಅವರನ್ನು ನಾನು ದೂರುವುದಿಲ್ಲ. ಅಷ್ಟು ದೂರದಲ್ಲಿ ಕೂತವರಿಗೆ ನಮ್ಮೂರನ್ನು ತೋರಿಸುವ ಕಿಟಕಿ ಅದೊಂದೇ. ನಾಳೆ ನಿಜವಾಗಿಯೇ ಈ ಕಾಗದ ಹರಿದರೆ ನಾನೂ ಮಗಳನ್ನು ಕರೆಸಿಕೊಳ್ಳುವುದಿಲ್ಲ.

ಆ ಮಧ್ಯಾಹ್ನ ಬಹಳ ಉದ್ದವಾಗಿತ್ತು. ಅಕ್ಕ ಸುಲಿದ ಅವರೆಕಾಳಲ್ಲಿ ಅರ್ಧ ನನಗೆ ಕೊಟ್ಟಿದ್ದರು. ಸಾರು ಮಾಡಿದೆ. ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡು ಸಲ ರುಚಿ ನೋಡಿ, ಅಕ್ಕನಿಗೂ ಒಂದು ಬಟ್ಟಲು ಕೊಟ್ಟು ಬಂದೆ.

ಐದೂವರೆಗೆ ಮಗಳೇ ಫೋನು ಮಾಡಿದಳು. "ಅಮ್ಮಾ, ಶುಕ್ರವಾರವೇ. ಆದರೆ ಅತ್ತೆ ಒಂದು ಷರತ್ತು ಹಾಕಿದಾರೆ. ನಾನು ಮಲಗೋ ರೂಮಿನ ಗೋಡೆಗೂ ಅಂಥ ಕಾಗದ ಅಂಟಿಸಬೇಕಂತೆ. ದಿನಾ ಬೆಳಿಗ್ಗೆ ಅದರ ಫೋಟೋ ಕಳಿಸಬೇಕಂತೆ." ಹಿಂದಿನಿಂದ ಬೀಗಿತ್ತಿಯವರ ದನಿ: "ಏಳು ಗಂಟೆ ಒಳಗೆ ಅಂತ ಹೇಳವ್ವ! ಟಿವಿ ಹಾಕೋಕ್ ಮುಂಚೆ ಬಂದ್ಬಿಡ್ಬೇಕು."

ಯಜಮಾನರು ರೈಲಿಳಿದು ಬರುವ ಹೊತ್ತಿಗೆ ನಾನು ಅಂಟು ಕಾಯಿಸುತ್ತಿದ್ದೆ. ಬೀಗಿತ್ತಿಯವರ ಜೊತೆ ಏನೇನು ಮಾತಾಡಬೇಕೆಂದು ಅವರು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದರಂತೆ. ವಿಷಯ ಕೇಳಿ, ಆ ಮಾತುಗಳನ್ನೆಲ್ಲ ಎಲ್ಲಿ ಇಡಬೇಕೋ ತಿಳಿಯದವರ ಹಾಗೆ ಡಬ್ಬಿಯನ್ನು ಅಲ್ಲೊಮ್ಮೆ ಇಲ್ಲೊಮ್ಮೆ ಇಟ್ಟು, ಆಮೇಲೆ ಹಳೆಯ ನೋಟ್‌ಬುಕ್ಕಿನ ಹಾಳೆ ಹರಿದುಕೊಟ್ಟರು. ಆ ರೂಮಿನಲ್ಲಿ ಹುಡುಕಿದರೆ ಕಿಟಕಿಯ ಕೆಳಗೆ ಗಾರೆ ಸೀಳಿದ ಒಂದು ಸಣ್ಣ ಗೆರೆ ಮಾತ್ರ ಸಿಕ್ಕಿತು, ನೆಲದಿಂದ ಒಂದು ಮೊಳ ಎತ್ತರಕ್ಕೆ. ಚಾಪೆ ಹಾಸಿ ಕೂತು, ಪಟ್ಟಿ ಅಂಟಿಸಿ, ಹೆಬ್ಬೆರಳಿನಿಂದ ಗುಳ್ಳೆ ತೆಗೆಯುತ್ತಿದ್ದೆ.

ಸಾರಿನ ಬಟ್ಟಲು ವಾಪಸು ಕೊಡಲು ಬಂದ ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ಒಂದು ಗಳಿಗೆ ನೋಡಿದರು.

"ಅಷ್ಟ್ ಕೆಳಗ್ ಯಾಕ್ ಅಂಟ್ಸಿದ್ಯಮ್ಮ? ಕೂಸು ತೆವಳಾಕ್ ಸುರು ಮಾಡುದ್ರೆ ಮೊದ್ಲು ಅದನ್ನೇ ಕಿತ್ತಾಕ್ತದೆ" ಎಂದು ಬಟ್ಟಲು ಕಟ್ಟೆಯ ಮೇಲಿಟ್ಟು ಹೊರಟರು.