ಅನ್ನಪೂರ್ಣಮ್ಮ ಎತ್ತದ ಫೋನು

ದಾವಣಗೆರೆ ಮಂಡಿಪೇಟೆಯ ಮೆಣಸಿನಕಾಯಿ ವ್ಯಾಪಾರಿ ಕೊಟ್ಟೂರಪ್ಪನವರ ಹೆಂಡತಿ ಅನ್ನಪೂರ್ಣಮ್ಮ ಹೇಳಿಕೊಳ್ಳುವಂಥ ಕೊಡುಗೈ ಹೆಂಗಸೇನೂ ಆಗಿರಲಿಲ್ಲ. ಹಸಿದು ಬಂದವರನ್ನು ಬರಿಗೈಲಿ ಕಳಿಸುತ್ತಿರಲಿಲ್ಲ, ಅಷ್ಟೆ. ಚಂದಾ ಪುಸ್ತಕ ಹಿಡಿದು ಬಂದವರನ್ನು ಮಾತ್ರ ಕೆಳಗೆ ಅಂಗಡಿಯಲ್ಲಿ ಕೇಳಿ ಎಂದು ಗಂಡನ ಕಡೆ ಸಾಗಹಾಕುತ್ತಿದ್ದರು. ಅಂಥವರು ಹರಿಹರದ ಶಾಲೆಯೊಂದನ್ನು ತಾವಾಗಿಯೇ ಹುಡುಕಿಕೊಂಡು ಹೋಗಿ ದಾನ ಕೊಟ್ಟು ಬಂದದ್ದಕ್ಕೆ ಕಾರಣವಿತ್ತು.

ಕೊಂಡಜ್ಜಿ ಎಂಬ ಊರಿನ ತೌರುಮನೆಯಲ್ಲಿ ಅವರು ಮೂವರು ಹೆಣ್ಣುಮಕ್ಕಳು. ಹಿರಿಯರು ನಾಗರತ್ನಮ್ಮ, ನಡುವಿನವರು ಅನ್ನಪೂರ್ಣಮ್ಮ, ಕಿರಿಯವಳು ಉಡಚಮ್ಮ. ಉಡಚಮ್ಮನಿಗೆ ಹುಟ್ಟಿದಾಗಿನಿಂದ ಕಿವಿ ಕೇಳುತ್ತಿರಲಿಲ್ಲ; ಹಾಗಾಗಿ ಮಾತೂ ಬರಲಿಲ್ಲ. ಇಂಥ ಮಕ್ಕಳಿಗೂ ಶಾಲೆ ಅಂತ ಒಂದು ಇರುತ್ತದೆ ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಕ್ಕಂದಿರ ಜೊತೆ ಅವಳಿಗೊಂದು ಕೈಸನ್ನೆಯ ಮಾತಿತ್ತು. ಮೂಗಿನ ಹೊಳ್ಳೆ ಮುಟ್ಟಿದರೆ ಮೂಗುತಿ ಇಟ್ಟ ಅವ್ವ, ಮೀಸೆ ಎಳೆದರೆ ಅಪ್ಪ, ಎದೆಗೆ ಎರಡು ಸಲ ತಟ್ಟಿಕೊಂಡರೆ ಅನ್ನಪೂರ್ಣಕ್ಕ. ಮದುವೆಯಿಲ್ಲದೆ, ತೌರಿನಲ್ಲೇ ರೊಟ್ಟಿ ಬಡಿಯುತ್ತ ಬದುಕಿದ ಅವಳು ನಲವತ್ತಾರನೇ ವಯಸ್ಸಿಗೆ ಕಾಮಾಲೆಯಾಗಿ ತೀರಿಕೊಂಡಳು. ವರ್ಷ ತುಂಬಿದ ದಿನ, ೧೯೯೭ರ ಮಳೆಗಾಲದ ಆರಂಭದಲ್ಲಿ, ಅನ್ನಪೂರ್ಣಮ್ಮ ಹರಿಹರದ ಕಿವುಡ ಮಕ್ಕಳ ವಸತಿ ಶಾಲೆಯಲ್ಲಿ ತಂಗಿಯ ಹೆಸರಿನಲ್ಲಿ ಒಂದು ಹೊತ್ತಿನ ಊಟ ಹಾಕಿಸಿದರು. ಮಕ್ಕಳು ಸದ್ದಿಲ್ಲದೆ ಸಾಲಾಗಿ ಕೂತು, ಕೈಯಲ್ಲೇ ಹರಟುತ್ತ ಗೋಧಿ ಹುಗ್ಗಿ ತಿನ್ನುವುದನ್ನು ನೋಡಿ ಅವರ ಕಣ್ಣು ತುಂಬಿತ್ತು.

ಹೊರಡುವಾಗ ರಸೀದಿ ಬರೆಯುತ್ತಿದ್ದ ಗುಮಾಸ್ತ ಫೋನ್ ನಂಬರ್ ಕೇಳಿದ. ಏಳು ವರ್ಷ ಕಾದ ಮೇಲೆ ಬಂದ ಫೋನು. ಐದೂ ಅಂಕಿಗಳನ್ನು ಅನ್ನಪೂರ್ಣಮ್ಮ ಬಿಡಿಬಿಡಿಯಾಗಿ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು.

ತಿಂಗಳೊಳಗೆ ಮೊದಲ ಕರೆ ಬಂತು. ಶಾಲೆಯ ಕಡೆಯಿಂದ ರೇಖಾ ಎಂಬಾಕೆ. ಮಕ್ಕಳೆಲ್ಲ ನಿಮ್ಮನ್ನು ನೆನೆಸುತ್ತಾರೆ ಎಂದಳು, ಆರೋಗ್ಯ ವಿಚಾರಿಸಿದಳು. ಮಂಡಿ ನೋವಿನ ಮಾತು ಬಂದಾಗ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿ ಎಂದಳು. ಮನೆಯಲ್ಲಿ ಅವರ ಮಂಡಿಯ ಸುದ್ದಿ ಕೇಳುವವರು ಯಾರೂ ಇರಲಿಲ್ಲ. ಮಾತಿನ ಕೊನೆಗೆ, ಮಕ್ಕಳ ಸಮವಸ್ತ್ರಕ್ಕೆ ಏನಾದರೂ ಆಗುತ್ತದೆಯೇ ಎಂದು ರೇಖಾ ಕೇಳಿದಾಗ ಅವರು ಸಂತೋಷದಿಂದಲೇ ಒಪ್ಪಿಕೊಂಡರು. ಮನೆಗೇ ಆಳು ಬಂದು ಹಣ ತೆಗೆದುಕೊಂಡು ಹೋದ.

ಆಮೇಲೆ ಅದು ನಿಲ್ಲಲಿಲ್ಲ. ದೀಪಾವಳಿಗೆ ಸಿಹಿ ಅಂದರು, ಚಳಿಗಾಲಕ್ಕೆ ಕಂಬಳಿ ಅಂದರು, ಶ್ರವಣಯಂತ್ರದ ಬ್ಯಾಟರಿ ಅಂದರು, ಸೋರುವ ಮಾಳಿಗೆ ಅಂದರು. ತಿಂಗಳಿಗೊಮ್ಮೆ ಇದ್ದದ್ದು ವಾರಕ್ಕೊಮ್ಮೆಯಾಯಿತು, ವಾರಕ್ಕೊಮ್ಮೆ ಇದ್ದದ್ದು ಮೂರು ಸಲವಾಯಿತು. ಬೆಳಿಗ್ಗೆ ಲಿಂಗಪೂಜೆಗೆ ಕೂತು ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡಾಗ ಫೋನು ಬಡಿಯುತ್ತಿತ್ತು. ಒಲೆಯ ಮೇಲೆ ಹಾಲು ಉಕ್ಕುವ ಹೊತ್ತಿಗೆ ಬಡಿಯುತ್ತಿತ್ತು. ಮಧ್ಯಾಹ್ನ ಕಣ್ಣು ಹತ್ತಿತು ಅನ್ನುವಷ್ಟರಲ್ಲಿ ಬಡಿಯುತ್ತಿತ್ತು. ಒಂದೊಂದು ಸಲ ರೇಖಾ ಅಲ್ಲದೆ ಬೇರೆ ದನಿಗಳೂ ಬಂದವು. ಅನಾಥಾಶ್ರಮ ಅಂದರು, ಗೋಶಾಲೆ ಅಂದರು. ತಮ್ಮ ಹೆಸರು, ಬೀದಿ, ಗಂಡನ ವ್ಯಾಪಾರ ಎಲ್ಲ ಅವರಿಗೆ ಹೇಗೆ ಗೊತ್ತಾಯಿತು ಎಂದು ಅನ್ನಪೂರ್ಣಮ್ಮನಿಗೆ ತಿಳಿಯಲಿಲ್ಲ.

ಮುಖಕ್ಕೆ ಹೊಡೆದ ಹಾಗೆ ಫೋನ್ ಇಡು ಎಂದು ಕೊಟ್ಟೂರಪ್ಪನವರು ಹೇಳಿ ಹೇಳಿ ಸೋತರು. ಅದೇ ಅನ್ನಪೂರ್ಣಮ್ಮನಿಗೆ ಆಗದ ಕೆಲಸ. ಎದುರಿನವರು ಮಾತಾಡುತ್ತಿರುವಾಗ ಎದ್ದು ಹೋಗಬಾರದೆಂದು ಕಲಿತು ಬೆಳೆದ ಹೆಂಗಸು. ಒಮ್ಮೆ ಧೈರ್ಯ ಮಾಡಿ ಈ ಸಲ ಆಗುವುದಿಲ್ಲ ಎಂದರು. ರೇಖಾಳ ದನಿ ಮೆತ್ತಗಾಯಿತು.

"ಇರ್ಲಿ ಬಿಡ್ರಿ ಅಮ್ಮಾ. ಹೊಸದಾಗಿ ಒಂದು ಹುಡುಗಿ ಬಂದಾಳ್ರಿ, ಥೇಟ್ ನಿಮ್ಮ ಉಡಚಮ್ಮನಂಗೇ. ಆಕಿಗೊಂದು ಹಾಸಿಗಿ ಇಲ್ಲ, ಅದಕ್ಕ ಕೇಳಿದೆ."

ಅನ್ನಪೂರ್ಣಮ್ಮ ಕೊಟ್ಟರು. ಎರಡು ತಿಂಗಳ ಮೇಲೆ ಮತ್ತೊಬ್ಬ ಉಡಚಮ್ಮನಂಥ ಹುಡುಗಿ ಬಂದಳು. ಆಮೇಲೆ ಮೂರನೆಯವಳು. ತಂಗಿಯ ಹೆಸರು ಆ ಬಾಯಲ್ಲಿ ಬರುವುದೇ ಬೇಡ ಅನಿಸಿ, ಅಂದಿನಿಂದ ಅವರು ಫೋನು ಎತ್ತುವುದನ್ನೇ ಬಿಟ್ಟರು. ಗಂಡ ಮನೆಯಲ್ಲಿದ್ದರೆ ಅವರೇ ಎತ್ತಲಿ. ಇಲ್ಲದಿದ್ದರೆ ಬಡಿದು ಬಡಿದು ಸುಮ್ಮನಾಗಲಿ.

೧೯೯೮ರ ಆಷಾಢದ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಅನ್ನಪೂರ್ಣಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಆರಿಸುತ್ತ ಕೂತಿದ್ದರು. ಫೋನು ಬಡಿಯತೊಡಗಿತು. ಬಹಳ ಹೊತ್ತು ಬಡಿದು ನಿಂತಿತು. ಮತ್ತೆ ಬಡಿಯಿತು. ಇಷ್ಟೊಂದು ಹಟವೇ ಎಂದು ಅವರಿಗೂ ಹಟ ಬಂತು. ಮೂರನೆಯ ಸಲ ಬಡಿದಾಗ ಮೊರ ಕೆಳಗಿಟ್ಟು, ಫೋನಿನ ಕಡೆಯೇ ನೋಡುತ್ತ, ಕೈಕಟ್ಟಿ ಕೂತರು. ಕೊನೆಗೆ ಅದು ಸುಮ್ಮನಾದಾಗ ಗೆದ್ದೆ ಅನಿಸಿತು ಕೂಡ.

ಸುದ್ದಿ ಬಂದದ್ದು ಸಂಜೆ. ಊರಂಚಿನ ಆನೆಕೊಂಡದಲ್ಲಿದ್ದ ಅಕ್ಕ ನಾಗರತ್ನಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಮಗ ಕೆಲಸಕ್ಕೆ, ಸೊಸೆ ತೌರಿಗೆ ಹೋಗಿದ್ದರಿಂದ ಮನೆಯಲ್ಲಿ ಒಬ್ಬರೇ. ಸೊಂಟ ಎತ್ತಲಾಗದೆ ನಡುಮನೆಯವರೆಗೆ ತೆವಳಿಕೊಂಡು ಬಂದು, ವೈರು ಹಿಡಿದು ಜಗ್ಗಿ ಫೋನನ್ನು ನೆಲಕ್ಕೆ ಕೆಡವಿ, ಬಾಯಿಪಾಠವಿದ್ದ ಒಂದೇ ಒಂದು ನಂಬರನ್ನು ಮೂರು ಸಲ ತಿರುಗಿಸಿದ್ದರು. ಮಧ್ಯಾಹ್ನ ಪಕ್ಕದ ಮನೆಯವರು ಬಾಗಿಲು ತಳ್ಳಿ ನೋಡುವವರೆಗೆ ತಣ್ಣನೆಯ ನೆಲದ ಮೇಲೇ ಬಿದ್ದಿದ್ದರಂತೆ.

ಆಸ್ಪತ್ರೆಯ ಮಂಚದ ಪಕ್ಕ ಕೂತ ತಂಗಿಗೆ ನಾಗರತ್ನಮ್ಮ ಬೈಯಲಿಲ್ಲ.

"ಮನ್ಯಾಗ ಇದ್ದಿಲ್ಲೇನು ನೀನು?" ಎಂದಷ್ಟೇ ಕೇಳಿದರು.

"ಇದ್ದೆ, ಅಕ್ಕ," ಎಂದರು ಅನ್ನಪೂರ್ಣಮ್ಮ.

ಎರಡು ದಿನ ಅವರು ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಗಂಡನಿಗೆ ಹೇಳಿ ಹರಿಹರದ ಬಸ್ಸು ಹತ್ತಿದರು. ಅರ್ಧ ಗಂಟೆಯ ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಪೋಣಿಸಿಕೊಂಡರು. ಶಾಲೆಯ ಕಾರ್ಯದರ್ಶಿ ಪರಮೇಶ್ವರಪ್ಪ ಎದ್ದು ನಿಂತು ಕೈಮುಗಿದು, ಕುರ್ಚಿ ತೋರಿಸಿ, ಟೀ ತರಿಸಿದರು. ಪೋಣಿಸಿಕೊಂಡಿದ್ದ ಮಾತು ಅರ್ಧ ಅಲ್ಲೇ ಉದುರಿಹೋಯಿತು. ಉಳಿದರ್ಧ ಹೇಳಿ, ತಮ್ಮ ನಂಬರು ತೆಗೆದುಹಾಕಬೇಕೆಂದೂ, ಆ ರೇಖಾಳನ್ನು ಕರೆಸಬೇಕೆಂದೂ ಕೇಳಿದರು. ರೇಖಾ ಅನ್ನುವವರು ಅಲ್ಲಿ ಯಾರೂ ಇರಲಿಲ್ಲ. ಫೋನ್ ಮಾಡುವ ಕೆಲಸವನ್ನು ದಾವಣಗೆರೆಯ ಏಜೆಂಟನೊಬ್ಬನಿಗೆ ವಹಿಸಿದ್ದರು. ದಾನಿಗಳ ಪಟ್ಟಿ ಶಾಲೆಯದು, ಕೇಳುವ ಕೆಲಸ ಅವನದು. ಬಂದದ್ದರಲ್ಲಿ ಅವನಿಗೂ ಪಾಲು.

"ನೀವು ಬ್ಯಾಸರ ಮಾಡ್ಕೋಬಾರ್ದ್ರಿ ತಾಯಿ," ಎಂದರು ಪರಮೇಶ್ವರಪ್ಪ. "ಕೊಡದೇ ಇರೋರನ್ನ ನೂರು ಸಲ ಕೇಳಿದ್ರೂ ಕೊಡಂಗಿಲ್ಲ. ಕೊಟ್ಟೋರನ್ನ ಹತ್ತು ಸಲ ಕೇಳಿದ್ರ ನಾಕು ಸಲನಾದ್ರೂ ಕೊಡ್ತಾರ. ಅರವತ್ತು ಮಕ್ಕಳಿಗೆ ದಿನಾ ಅನ್ನ ಬೇಯಬೇಕಲ್ರಿ, ನಾನಾದ್ರೂ ಏನ್ ಮಾಡ್ಲಿ?"

ಕೊಟ್ಟಿದ್ದೇ ತಪ್ಪಾಯಿತೇ ಎಂದು ಕೇಳಬೇಕೆನಿಸಿತು. ಅರವತ್ತು ಮಕ್ಕಳ ಅನ್ನದ ಮುಂದೆ ಆ ಮಾತು ಹೊರಡಲಿಲ್ಲ. ಏಜೆಂಟನ ವಿಳಾಸ ಬರೆಸಿಕೊಂಡು, ಟೀ ಮುಟ್ಟದೆ ಎದ್ದು ಬಂದರು.

ವಿಳಾಸ ದಾವಣಗೆರೆಯಲ್ಲೇ, ಅವರ ಮನೆಗೆ ಕಾಲು ಗಂಟೆಯ ದೂರದಲ್ಲಿ, ಟೈಲರ್ ಅಂಗಡಿಯೊಂದರ ಮೇಲಿನ ಕೋಣೆ. ಕಡಿದಾದ ಮೆಟ್ಟಿಲು, ಮಂಡಿ ಹಿಡಿದುಕೊಳ್ಳುತ್ತ ಹತ್ತಿದರು. ಏಜೆಂಟ್ ಊಟಕ್ಕೆ ಹೋಗಿದ್ದ. ಒಂದೇ ಉದ್ದನೆಯ ಮೇಜು, ಮೂರು ಫೋನು, ಮೂವರು ಹೆಂಗಸರು. ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ ಒಬ್ಬಾಕೆ ಯಾರಿಗೋ ಹೇಳುತ್ತಿದ್ದಳು: "ರೇಖಾ ಮಾತಾಡೋದ್ರಿ ಅಮ್ಮಾ. ಸಕ್ಕರಿ ಕಾಯಿಲೆ ಈಗ ಹೆಂಗೈತ್ರಿ? ಮೆಂತ್ಯ ನೆನೆಸಿ ತಿಂತಿದ್ದೀರಿಲ್ಲೋ?"

ತಮ್ಮ ಮಂಡಿಯನ್ನು ವಿಚಾರಿಸುತ್ತಿದ್ದ ಅದೇ ದನಿ, ಅದೇ ಅಕ್ಕರೆ. ಅನ್ನಪೂರ್ಣಮ್ಮ ಆಕೆ ಮಾತು ಮುಗಿಸುವವರೆಗೂ ನಿಂತೇ ಇದ್ದರು. ಆಮೇಲೆ ತಾವು ಯಾರೆಂದು ಹೇಳಿದರು.

ಆಕೆ ಸುಮಾರು ನಲವತ್ತರ ಹೆಂಗಸು, ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿತ್ತು. ಬಡಬಡನೆ ಎದ್ದು ತನ್ನ ಕುರ್ಚಿಯನ್ನೇ ಸರಿಸಿಕೊಟ್ಟಳು. ನಿಜವಾದ ಹೆಸರು ಖತೀಜಾಬೀ. ಆ ಹೆಸರು ಹೇಳಿದರೆ ಎಷ್ಟೋ ಮನೆಗಳಲ್ಲಿ ಫೋನ್ ಇಟ್ಟುಬಿಡುತ್ತಾರೆಂದು ಏಜೆಂಟನೇ ರೇಖಾ ಎಂದು ಇಟ್ಟಿದ್ದನಂತೆ. ಅನ್ನಪೂರ್ಣಮ್ಮ ತಮ್ಮ ಬಗ್ಗೆ ಬರೆದದ್ದೇನಾದರೂ ಇದ್ದರೆ ತೋರಿಸು ಎಂದರು. ಆಕೆ ತಲೆ ತಗ್ಗಿಸಿ, ಒಂದು ತಗಡಿನ ಡಬ್ಬಿಯಿಂದ ಕಾರ್ಡೊಂದನ್ನು ತೆಗೆದುಕೊಟ್ಟಳು. ದುಂಡಗಿನ ಅಕ್ಷರ, ಆಕೆಯದೇ.

'ತಂಗಿ ಉಡಚಮ್ಮ, ಮೂಕಿ, ತೀರಿಕೊಂಡಿದ್ದಾಳೆ. ಹೆಸರು ಎತ್ತಿದರೆ ಕೊಡುತ್ತಾರೆ. ಮಂಡಿ ನೋವು ಕೇಳಬೇಕು. ಬೇಡ ಅಂದರೂ ಫೋನ್ ಇಡುವುದಿಲ್ಲ.'

ಕೊನೆಯ ಸಾಲನ್ನು ಅನ್ನಪೂರ್ಣಮ್ಮ ಎರಡು ಸಲ ಓದಿದರು. ಅವ್ವ ಕಲಿಸಿದ ಮರ್ಯಾದೆ ಈ ಡಬ್ಬಿಯಲ್ಲಿ ಹೀಗೆ ಬರೆದು ಕೂತಿತ್ತು. ಅಳು ಮತ್ತು ಸಿಟ್ಟು ಒಟ್ಟಿಗೇ ಬಂದವು. ಕಾರ್ಡನ್ನು ನಾಲ್ಕು ಚೂರು ಮಾಡಿದರು.

"ಹರಿದ್ರ ಏನೂ ಆಗಂಗಿಲ್ರಿ ಅಮ್ಮಾ," ಎಂದಳು ಖತೀಜಾಬೀ ಸಣ್ಣ ದನಿಯಲ್ಲಿ. "ಇದನ್ನ ನೋಡಿ ಇನ್ನೂ ಎರಡು ಕಡೆ ಬರಕೊಂಡಾರ. ನಾನು ಮಾಡಂಗಿಲ್ಲ. ಬ್ಯಾರೇದೋರಿಗೆ ಹೇಳಕ್ಕ ನನ್ನ ಕೈಲಿ ಆಗಂಗಿಲ್ಲ."

ಆಗ ಅನ್ನಪೂರ್ಣಮ್ಮ ಅಕ್ಕ ಬಿದ್ದ ಕಥೆಯನ್ನು ಹೇಳಿದರು. ಮೂರು ಸಲ ಫೋನು ಬಡಿದದ್ದು, ತಾವು ಕೈಕಟ್ಟಿ ಕೂತದ್ದು, ಒಂದನ್ನೂ ಬಿಡದೆ ಹೇಳಿದರು. ಉಳಿದಿಬ್ಬರು ಹೆಂಗಸರೂ ರಿಸೀವರ್ ಕೆಳಗಿಟ್ಟು ಕೇಳಿಸಿಕೊಂಡರು.

"ಅಕ್ಕಾರು ಈಗ ಹೆಂಗದಾರ್ರಿ?" ಎಂದು ಖತೀಜಾಬೀ ಕೇಳಿದಳು.

ಅದು ಆಕೆಯ ಮನಸ್ಸು ಕೇಳಿದ್ದೋ, ದಿನಕ್ಕೆ ನೂರು ಸಲ ಕೇಳಿ ರೂಢಿಯಾದ ಬಾಯಿ ಕೇಳಿದ್ದೋ ಅನ್ನಪೂರ್ಣಮ್ಮನಿಗೆ ಗೊತ್ತಾಗಲಿಲ್ಲ. ಮುಖ ನೋಡಿದರೂ ಗೊತ್ತಾಗಲಿಲ್ಲ. ಮಂಡಿ ಹಿಡಿದುಕೊಳ್ಳುತ್ತ ಮೆಟ್ಟಿಲಿಳಿದರು.

ಖತೀಜಾಬೀ ಮಾತು ಉಳಿಸಿಕೊಂಡಳು. ರೇಖಾಳ ದನಿ ಮತ್ತೆಂದೂ ಬರಲಿಲ್ಲ. ಬೇರೆ ದನಿಗಳು ಮಾತ್ರ ಬರುತ್ತಲೇ ಇದ್ದವು. ನಂಬರು ಬದಲಿಸಿಕೊಳ್ಳಲು ಅರ್ಜಿ ಕೊಡೋಣವೆಂದರೆ, ವ್ಯಾಪಾರದವರಿಗೆಲ್ಲ ಈ ನಂಬರೇ ಗೊತ್ತು ಎಂದು ಕೊಟ್ಟೂರಪ್ಪನವರು ಒಪ್ಪಲಿಲ್ಲ. ಕೊನೆಗೆ ಅಕ್ಕತಂಗಿಯರು ಒಂದು ಗುರುತು ಮಾಡಿಕೊಂಡರು. ನಾಗರತ್ನಮ್ಮ ಎರಡು ರಿಂಗು ಕೊಟ್ಟು ಇಡಬೇಕು, ಆಮೇಲೆ ಮತ್ತೆ ಮಾಡಬೇಕು. ಊರುಗೋಲು ಹಿಡಿದು ಓಡಾಡುವಂತಾದ ಮೇಲೆ ನಾಗರತ್ನಮ್ಮ ದಿನಕ್ಕೊಮ್ಮೆ ಹಾಗೆ ಮಾಡಿ, ಗುರುತು ಸರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದರು.

ಮಾರನೆಯ ವರ್ಷ ಉಡಚಮ್ಮ ತೀರಿದ ದಿನ ಬಂದಾಗ ಹೋಗುವುದೋ ಬಿಡುವುದೋ ಎಂದು ಅನ್ನಪೂರ್ಣಮ್ಮ ವಾರವೆಲ್ಲ ಒದ್ದಾಡಿದರು. ಸಿಟ್ಟು ಇಳಿದಿರಲಿಲ್ಲ. ಆದರೆ ಮಕ್ಕಳ ಮೇಲೆ ಸಿಟ್ಟು ಮಾಡಿ ಏನು ಮಾಡುವುದು? ಗೋಧಿ, ಬೆಲ್ಲ, ಕೊಬ್ಬರಿ ಕಟ್ಟಿಕೊಂಡು ಹರಿಹರಕ್ಕೆ ಹೋದರು. ಆಫೀಸಿನ ಬಾಗಿಲಲ್ಲಿ ಅದೇ ಗುಮಾಸ್ತ ಪುಸ್ತಕ ತೆರೆದು ಹೆಸರು, ನಂಬರು ಕೇಳಿದ. ರಸೀದಿ ಬೇಡ ಎಂದರು. ರಸೀದಿ ಇಲ್ಲದೆ ತೆಗೆದುಕೊಳ್ಳುವಂತಿಲ್ಲ ಎಂದ. ಹಾಗಾದರೆ ವಾಪಸು ಒಯ್ಯುತ್ತೇನೆ ಎಂದು ಚೀಲ ಎತ್ತಿಕೊಂಡು ಹೊರಬಿದ್ದವರು ಗೇಟಿನ ಕಡೆ ಹೋಗದೆ ಕಟ್ಟಡ ಸುತ್ತಿ ಹಿಂದಿನ ಅಡುಗೆಮನೆಗೆ ನಡೆದರು.

ಅಡುಗೆಯ ಕೊಟ್ರವ್ವ ಏನನ್ನೂ ಕೇಳಲಿಲ್ಲ. ಚೀಲದೊಳಗೆ ಇಣುಕಿ ನೋಡಿ, ಕೊಬ್ಬರಿ ತುರಿಯಲು ಈಳಿಗೆಮಣೆ ಮುಂದೆ ತಳ್ಳಿದಳು. ಹತ್ತು ವರ್ಷದ ಹುಡುಗಿಯೊಂದು ಬಂದು ಎದುರಿಗೆ ಕುಕ್ಕುರುಗಾಲಲ್ಲಿ ಕೂತು, ಕೈಯಾಡಿಸಿ ಏನೋ ಕೇಳಿತು. ಅನ್ನಪೂರ್ಣಮ್ಮನಿಗೆ ತಿಳಿಯಲಿಲ್ಲ, ಶಾಲೆಯ ಮಕ್ಕಳ ಸನ್ನೆಗಳೇ ಬೇರೆ, ಉಡಚಮ್ಮನವೇ ಬೇರೆ. ಹುಡುಗಿ ಮತ್ತೊಮ್ಮೆ ಕೇಳಿ, ಇವರಿಗೆ ಅರ್ಥವಾಗಲಿಲ್ಲವೆಂದು ನಕ್ಕು, ಕೈ ಚಾಚಿ ಒಂದು ಚೂರು ಬೆಲ್ಲ ಎತ್ತಿಕೊಂಡು ಓಡಿತು. ಅನ್ನಪೂರ್ಣಮ್ಮ ಇನ್ನೊಂದು ಕೊಬ್ಬರಿ ಗಿಟುಕು ತೆಗೆದುಕೊಂಡು ತುರಿಯತೊಡಗಿದರು.