ಬರುವ ಮೊದಲೇ ಹೋದ ಲಾರಿ

ಆ ವರ್ಷಗಳಲ್ಲಿ ನಮ್ಮ ಕಡೆ ಎಲ್ಲರೂ ಏನಾದರೊಂದನ್ನು ಅಗೆಯುತ್ತಿದ್ದರು. ಸಂಡೂರಿನ ಗುಡ್ಡ ಅಗೆದರು, ಗುಡ್ಡ ಸಾಲದವರು ಹೊಲ ಅಗೆದರು, ಹೊಲವೂ ಇಲ್ಲದವರು ಪಕ್ಕದವರ ಬದು ಅಗೆದರು. ನನ್ನ ಮೊಮ್ಮಗಳೊಬ್ಬಳು ಮಾತ್ರ ಒಂದು ಗಡಿಯಾರ ಕಟ್ಟುತ್ತಿದ್ದಳು. ಅದೂ ಎಂಥ ಗಡಿಯಾರ! ಮುಳ್ಳಿಲ್ಲ, ಮುಖವಿಲ್ಲ, ಗೋಡೆಗೆ ತೂಗುಹಾಕಲು ಮೊಳೆಯೂ ಬೇಡ. ನಾನು ಮೂರನೇ ಕ್ಲಾಸು ಓದಿದವಳು. ಆದರೂ ಅದನ್ನು ವಿವರಿಸಬಲ್ಲೆ. ಹೊಸಪೇಟೆಯ ನಮ್ಮ ಓಣಿಯಲ್ಲಿ ನಾನು ಅದನ್ನು ವಿವರಿಸದ ಮನೆಯೇ ಇಲ್ಲ. ನನ್ನನ್ನು ದೂರದಿಂದ ಕಂಡು ಕೆಲವರು ಬಾಗಿಲು ಮುಂದಕ್ಕೆ ಮಾಡಿಕೊಳ್ಳುತ್ತಾರೆಂದು ಮಗ ಹೇಳುತ್ತಾನೆ. ಮಾಡಿಕೊಳ್ಳಲಿ. ಅವರ ಮೊಮ್ಮಕ್ಕಳು ಏನೂ ಕಟ್ಟಿಲ್ಲ, ಪಾಪ. ಕೂತು ಕೇಳಬೇಕಾದರೆ ಅವರಿಗೆ ಹೊಟ್ಟೆಕಿಚ್ಚಾಗುತ್ತದೆ.

ಮೊಮ್ಮಗಳು ಪಾಲಿಟೆಕ್ನಿಕ್ ಮುಗಿಸಿ ಸಂಡೂರು ರಸ್ತೆಯ ಒಂದು ಅದಿರಿನ ಯಾರ್ಡಿನಲ್ಲಿ ಕೆಲಸಕ್ಕೆ ಸೇರಿದ್ದಳು. ಯಾರ್ಡ್ ಎಂದರೆ ಕೆಂಪು ಮಣ್ಣಿನ ಗುಡ್ಡೆಗಳ ನಡುವೆ ಒಂದು ಗಾಜಿನ ಕೋಣೆ, ಅದರ ಎರಡೂ ಬದಿಗೆ ಲಾರಿ ತೂಗುವ ಎರಡು ಕಾಟಾ. ಖಾಲಿ ಲಾರಿ ಒಂದರ ಮೇಲೆ ತೂಗಿಸಿಕೊಂಡು ಒಳಗೆ ಬರಬೇಕು, ಅದಿರು ತುಂಬಿಕೊಂಡು ಇನ್ನೊಂದರ ಮೇಲೆ ತೂಗಿಸಿಕೊಂಡು ಹೊರಗೆ ಹೋಗಬೇಕು. ಒಂದೊಂದು ಕಾಟಾಕ್ಕೂ ಒಂದೊಂದು ಹಳೆಯ ಕಂಪ್ಯೂಟರು. ತೂಕವನ್ನೂ ಹೊತ್ತನ್ನೂ ಚೀಟಿಯ ಮೇಲೆ ಅಚ್ಚು ಹಾಕಿ ಕೊಡುವುದು ಅದರ ಕೆಲಸ. ಯಾರ್ಡಿನ ಸಾಹುಕಾರ ಮೊನ್ನೆ ಮೊನ್ನೆಯವರೆಗೆ ಸೈಕಲ್ ತುಳಿಯುತ್ತಿದ್ದವನು, ಈಗ ಅವನ ಕಾರು ತಿರುಗಿಸಲು ನಮ್ಮ ಓಣಿ ಸಾಲದು. ಕಂಪ್ಯೂಟರಿನ ಮೇಲೆ ಮುಚ್ಚಲು ಮಾತ್ರ ಒಂದು ಹಳೆ ಪಂಚೆಯನ್ನೂ ಅವನು ಕೊಟ್ಟಿರಲಿಲ್ಲ. ಧೂಳು ಕುಡಿದು ಕುಡಿದು ಅವು ಆಗಾಗ ಮಲಗಿಬಿಡುತ್ತಿದ್ದವು.

ಹೊಸದನ್ನು ತರೋಣವೆಂದರೆ ತೂಕದ ಪ್ರೋಗ್ರಾಮು ಹೊಸ ಕಂಪ್ಯೂಟರಿನ ಮೇಲೆ ಓಡಲೊಲ್ಲದು. ಅದನ್ನು ಬರೆದವನು ಎಲ್ಲಿ ಹೋದನೋ ಯಾರಿಗೂ ಗೊತ್ತಿಲ್ಲ. ಆಗ ಮೊಮ್ಮಗಳು ಒಂದು ದಾರಿ ಹೇಳಿದಳು. ಒಂದೇ ಒಳ್ಳೆಯ ಕಂಪ್ಯೂಟರ್ ತಂದು ಗಾಜಿನ ಕೋಣೆಯಲ್ಲಿಡುವುದು, ಅದರ ಹೊಟ್ಟೆಯೊಳಗೆ ಎರಡು ಹಳೆಯ ಕಂಪ್ಯೂಟರುಗಳು ಇದ್ದಂತೆ ನಟಿಸುವುದು. ಹಾಗೆ ಎರಡನ್ನೂ ಹೊಟ್ಟೆಯೊಳಗೆ ಸಾಕುವ ಯಜಮಾನನಿಗೆ ಹೈಪರ್‌ವೈಸರ್ ಎಂದು ಹೆಸರಂತೆ.

"ಅಂದ್ರ ಸೂಪರ್‌ವೈಸರ್‌ಗಿಂತ ಮ್ಯಾಲಿನಾವ?" ಎಂದೆ.

"ಹೂಂ ಅಜ್ಜಿ, ಹಂಗ ತಿಳ್ಕೋ."

"ಹಂಗಾದ್ರ ಅವನೂ ಕೆಲಸ ಮಾಡಂಗಿಲ್ಲ ಬಿಡು."

"ಇವ ಮಾಡ್ತಾನ. ಎಲ್ಲಾ ಇವನ ಮಾಡ್ತಾನ, ಆದ್ರ ಒಳಗಿನ ಎರಡಕ್ಕೂ ತಾವ ಮಾಡೀವಿ ಅನ್ನಿಸಬೇಕು."

ನಮ್ಮ ಮನೆಯಲ್ಲಿ ಆ ಕೆಲಸವನ್ನು ನಾನು ಮದುವೆಯಾದಾಗಿನಿಂದ ಮಾಡುತ್ತಿದ್ದೇನೆ. ಯಾರೂ ಅದಕ್ಕೊಂದು ಹೆಸರಿಡಲಿಲ್ಲ.

ಗಡಿಯಾರದ ವಿಷಯ ಬಂದದ್ದು ನಾನು ರೊಟ್ಟಿ ಬಡಿಯುವಾಗ. "ಹಳೇ ಕಂಪ್ಯೂಟರ್‌ನ್ಯಾಗ ಟೈಮರ್ ಅಂತ ಒಂದು ಚಿಪ್ ಇರತೈತಿ," ಎಂದಳು. "ಅದರ ಕೆಲಸ ತಿವಿಯೂದು. ಒಂದ ಸಮ ಟಿಕ್ ಟಿಕ್ ಅಂತ ತಿವೀತಿರತೈತಿ. ತೂಕದ ಪ್ರೋಗ್ರಾಮು ಆ ತಿವಿತ ಎಣಿಸಿ ಟೈಮ್ ಎಷ್ಟಾತು ಅಂತ ತಿಳ್ಕೊಂತೈತಿ. ಅದಕ್ಕ ಬ್ಯಾರೆ ಗಡಿಯಾರ ಗೊತ್ತಿಲ್ಲ."

"ಹೊಸಾದ್ರಾಗ ಆ ಚಿಪ್ ಇಲ್ಲೇನು?"

"ಐತಿ. ಆದ್ರ ಅದು ಯಜಮಾನಂದು, ಒಳಗಿನವಕ್ಕ ಮುಟ್ಟಾಕ ಬಿಡಾಂಗಿಲ್ಲ. ಅವಕ್ಕ ತಮ್ಮದಾ ಒಂದೊಂದು ಟೈಮರ್ ಐತಿ ಅಂತ ನಂಬಿಸಿ, ಅದರ ಬದ್ಲಿ ನಾನ ತಿವೀಬೇಕು."

ಹೈಪರ್‌ವೈಸರನ್ನು ಯಾರೋ ಪುಣ್ಯಾತ್ಮರು ಬರೆದು ಪುಕ್ಕಟೆ ಹಂಚಿದ್ದರಂತೆ. ಅದರಲ್ಲಿ ಟೈಮರಿನ ಭಾಗ ನಮ್ಮ ಕಾಟಾದ ಮುದಿ ಪ್ರೋಗ್ರಾಮಿಗೆ ಒಗ್ಗಲಿಲ್ಲ. ಅಷ್ಟನ್ನು ಇವಳು ಹೊಸದಾಗಿ ಬರೆದಳು. ಇಲ್ಲದ ಗಡಿಯಾರವನ್ನು ಇದೆಯೆಂದು ನಂಬಿಸುವ ಹುಡುಗಿ ನಮ್ಮ ಮನೆತನದಲ್ಲಿ ಹುಟ್ಟಿದ್ದಾಳೆಂದು ಅಂದೇ ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ.

ಮೊದಮೊದಲು ಎಲ್ಲ ಸರಿಯಿತ್ತು. ಸಾಹುಕಾರ ಬಂದವರಿಗೆಲ್ಲ ಗಾಜಿನ ಕೋಣೆ ತೋರಿಸಿ, ಒಂದರಲ್ಲಿ ಎರಡಿವೆ ಎಂದು ತಾನೇ ಅವಳಿ ಹೆತ್ತವನಂತೆ ಹೇಳುತ್ತಿದ್ದ. ಆಮೇಲೆ ಒಂದು ಲಾರಿ ಬರುವ ಮೊದಲೇ ಹೋಯಿತು.

ಬಾರದೆಯೇ ಹೋದ ಲಾರಿಗಳು ನಮ್ಮ ಸೀಮೆಗೆ ಹೊಸತಲ್ಲ. ಯಾವ ಗುಡ್ಡದ್ದೆಂದು ಯಾವ ಗುಡ್ಡಕ್ಕೂ ಗೊತ್ತಿಲ್ಲದ ಅದಿರು ಹಾಡಹಗಲೇ ಹೋಗುತ್ತಿತ್ತು, ಚೆಕ್‌ಪೋಸ್ಟಿನವರು ಚಹಾ ಲೋಟದಿಂದ ಕಣ್ಣೆತ್ತುತ್ತಿರಲಿಲ್ಲ. ಆದರೆ ಈ ಲಾರಿ ಒಳಗೆ ಬಂದದ್ದು ಮಧ್ಯಾಹ್ನ, ಹೊರಗೆ ಹೋದದ್ದು ಅದೇ ದಿನ ಬೆಳಿಗ್ಗೆ ಎಂದು ಚೀಟಿಯಲ್ಲಿ ಕಂಡಾಗ ಅವರಿಗೆ ಒಮ್ಮೆಲೇ ಧರ್ಮ ನೆನಪಾಯಿತು. ಲಾರಿಯನ್ನು ತಿರುಗಿಸಿ ಕಳಿಸಿದರು. ಸಾಹುಕಾರ ಚೀಟಿ ತಿದ್ದಿದ್ದು ಡ್ರೈವರೇ ಎಂದು ತೀರ್ಪು ಕೊಟ್ಟು, ಗಾಡಿಯ ಕೀಲಿ ಕಿತ್ತುಕೊಂಡು ಅವನನ್ನು ಯಾರ್ಡಿನಲ್ಲೇ ಕೂರಿಸಿದ. ಆ ಡ್ರೈವರ್ ನನ್ನ ತವರು ಎಮ್ಮಿಗನೂರಿನವನು, ನನ್ನನ್ನು ಅತ್ತಿ ಎನ್ನುವವನು.

ತಪ್ಪು ಅವನದಲ್ಲ, ನನ್ನ ಟೈಮರಿನದು ಎಂದು ಮೊಮ್ಮಗಳು ಸಾಹುಕಾರನ ಮುಂದೆ ನಿಂತು ಹೇಳಿದಳು. "ಹಂಗಾದ್ರ ಅಮಾಸಿ ಒಳಗ ಸರಿ ಮಾಡು. ಇಲ್ಲಾಂದ್ರ ನೀನೂ ಮನಿಗೆ, ಅವನೂ ಮನಿಗೆ," ಎಂದನಂತೆ ಆ ಧರ್ಮರಾಯ.

ಆಗಿದ್ದು ಇಷ್ಟು. ಬೆಳಿಗ್ಗೆ ಒಳಬರುವ ಲಾರಿಗಳ ಸಾಲು ದೊಡ್ಡದು. ಹೈಪರ್‌ವೈಸರ್ ಯಜಮಾನ ಒಳಬರುವ ಕಾಟಾದ ಸೇವೆಯಲ್ಲಿ ಮುಳುಗಿದಾಗ ಹೊರಹೋಗುವ ಕಾಟಾದ ಕಂಪ್ಯೂಟರಿಗೆ ನಿದ್ದೆ. ಆ ನಿದ್ದೆಯಲ್ಲಿ ಬಂದ ತಿವಿತಗಳು ತಪ್ಪಿಹೋಗುತ್ತವೆ. ಎಚ್ಚರವಾದಾಗ ಅದು ತಾನು ಮಲಗಿದ ಹೊತ್ತೇ ಇನ್ನೂ ಇದೆಯೆಂದುಕೊಂಡು ಅಲ್ಲಿಂದಲೇ ಎಣಿಸುತ್ತದೆ. ನನ್ನ ಮಗನೂ ಹಾಗೆಯೇ, ಆದರೆ ಅವನಿಂದ ಯಾವ ಲಾರಿಯೂ ನಿಂತಿಲ್ಲ. ದಿನದಿಂದ ದಿನಕ್ಕೆ ಹಿಂದೆ ಬಿದ್ದು ಬಿದ್ದು ಹೊರಕಾಟಾದ ಗಡಿಯಾರ ಮಧ್ಯಾಹ್ನವನ್ನು ಬೆಳಿಗ್ಗೆ ಎನ್ನುವಂತಾಗಿತ್ತು.

ಚೀಟಿ ಸರಿಹೋಗುವವರೆಗೆ ದಿನಾ ನೂರೆಂಟು ಪಂಚಾಕ್ಷರಿ ಜಪ ಮಾಡುತ್ತೇನೆಂದು ನಾನು ಹರಕೆ ಹೊತ್ತೆ. ಶಿವನಿಗೂ ಟೈಮರ್ ವಿಷಯ ವಿವರಿಸಿದೆ. ಓಣಿಯವರಿಗಿಂತ ತಾಳ್ಮೆಯಿಂದ ಕೇಳಿದ.

ಮೊಮ್ಮಗಳು ಒಂದು ಉಪಾಯ ಮಾಡಿದಳು. ನಿದ್ದೆಯಲ್ಲಿ ತಪ್ಪಿದ ತಿವಿತಗಳನ್ನು ಕೂಡಿಟ್ಟು, ಎಚ್ಚರವಾದ ಕೂಡಲೇ ಎಲ್ಲವನ್ನೂ ಒಟ್ಟಿಗೆ ಕೊಟ್ಟುಬಿಟ್ಟಳು. ಹೊತ್ತು ಸರಿಹೋಯಿತು, ತೂಕ ಕೆಟ್ಟಿತು. ಲಾರಿ ಕಾಟಾದ ಮೇಲೆ ಹತ್ತಿದಾಗ ಒಂದಿಷ್ಟು ಅಲುಗುತ್ತದೆ. ಅದು ನಿಲ್ಲಲೆಂದು ಪ್ರೋಗ್ರಾಮು ಕೆಲವು ತಿವಿತಗಳಷ್ಟು ಕಾದು, ಆಮೇಲೆ ತೂಕ ಬರೆಯುತ್ತದೆ. ಈಗ ತಿವಿತಗಳು ರಾಶಿ ರಾಶಿ ಬಂದು ಬಿದ್ದು, ಕಾಯುವುದು ಶುರುವಾಗುವ ಮೊದಲೇ ಮುಗಿದುಹೋಗುತ್ತಿತ್ತು. ಲಾರಿ ಇನ್ನೂ ಕುಣಿಯುತ್ತಿರುವಾಗಲೇ ತೂಕ ಅಚ್ಚಾಗಿಬಿಡುತ್ತಿತ್ತು. ತೂಕದಲ್ಲಿ ಸುಳ್ಳೇ ಎಂದು ಸಾಹುಕಾರ ಕೆಂಡವಾದ. ಅವನ ಕೋಪವೂ ನ್ಯಾಯವೇ, ಅಲ್ಲಿಯವರೆಗೆ ಆ ಸುಳ್ಳನ್ನು ಹೇಳುವ ಹಕ್ಕು ಅವನೊಬ್ಬನದೇ ಆಗಿತ್ತು.

ಅದೇ ಹೊತ್ತಿಗೆ ತಮ್ಮನ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುತ್ತಾರೆಂದು ನಾನು ಎಮ್ಮಿಗನೂರಿಗೆ ಹೋಗಬೇಕಾಯಿತು. ಅಲ್ಲಿ ಬಾಣಂತಿಯಿಂದ ಹಿಡಿದು ಬಂದ ನೆಂಟರಿಗೆಲ್ಲ ಟೈಮರ್ ವಿಷಯ ಹೇಳುವುದರಲ್ಲೇ ದಿನಗಳು ಕಳೆದವು, ಜಪ ತಪ್ಪಿತು. ತಿರುಗಿ ಬಂದವಳೇ ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ದೇವರ ಜಗಲಿಯ ಮುಂದೆ ಕೂತು ಬಾಕಿಯನ್ನೆಲ್ಲ ಒಂದೇ ಏಟಿಗೆ ತೀರಿಸತೊಡಗಿದೆ. ರುದ್ರಾಕ್ಷಿ ಸರ ಕೈಯಲ್ಲಿ ಗಾಲಿಯಂತೆ ತಿರುಗುತ್ತಿತ್ತು. ಮೊಮ್ಮಗಳು ಚಹಾ ಲೋಟ ಹಿಡಿದು ಬಾಗಿಲಿಗೆ ಒರಗಿ ನಿಂತಳು. ಕಣ್ಣು ಬಾತಿದ್ದವು.

"ಏನು ನಡಿಸೀ ಅಜ್ಜಿ?"

"ಬಾಕಿ ತೀರಸಾಕತ್ತೀನಿ. ಮಾತಾಡಸಬ್ಯಾಡ."

"ನಮಃ ಶಿವಾಯ ಅಂಬೂದು ಕೇಳಾಕತ್ತಿಲ್ಲ. ಬರೇ ವಾಯ ವಾಯ ಅಂತೈತಿ."

"ಅವಗ ತಿಳೀತೈತಿ. ಎಣಿಕಿ ಸರಿ ಐತಿ."

"ಎಣಿಕಿ ಸರಿ ಐತಿ, ಜಪ ಎಲ್ಲೈತಿ? ಒಂದ ಮಣಿಗೂ ಇನ್ನೊಂದ ಮಣಿಗೂ ನಡುವ ಉಸರು ಬಿಡಾಕರ ಜಾಗ ಬ್ಯಾಡೇನು?"

 ಲೋಟವನ್ನು ನೆಲದ ಮೇಲಿಟ್ಟು ನನ್ನ ಪಕ್ಕದಲ್ಲಿ ಕೂತಳು.

"ಇನ್ನೊಂದು ಸಲ ಹಂಗ ಮಾಡು."

"ಈಗರ ಬೈದೆಲ್ಲಲೇ."

"ಮಾಡಜ್ಜಿ."

ಮಾಡಿದೆ. ಅವಳು ನನ್ನ ಬಾಯಿ ನೋಡಲಿಲ್ಲ, ಬೆರಳುಗಳನ್ನೇ ನೋಡಿದಳು.

"ನಾನೂ ಇದನ್ನ ಮಾಡೀನಿ," ಎಂದಳು. "ಎಣಿಕಿ ಸರಿ ಕೊಟ್ಟೀನಿ, ನಡುವಿನ ಜಾಗ ಕೊಟ್ಟಿಲ್ಲ. ಆ ಪ್ರೋಗ್ರಾಮು ಲಾರಿ ನಿಲ್ಲಲಿ ಅಂತ ಕಾಯೂದು ಆ ಜಾಗದಾಗನ. ಹೌದು, ಮತ್ತ ಬಾಕಿ ಹೆಂಗ ತೀರಸೂದು?"

"ನಿಮ್ಮಜ್ಜ ಊರಿಗೆ ಹೋಗಿ ಬಂದ್ರ ದಿನದ ನೂರೆಂಟರ ಜೋಡಿ ಇನ್ನೊಂದು ಹತ್ತು ಸೇರಿಸಿ ಮಾಡತಿದ್ದ. ನಿಧಾನಕ್ಕ ಮುಟ್ಟತಿತ್ತು. ನನಗ ಅಷ್ಟು ತಾಳ್ಮಿ ಇಲ್ಲ."

"ಅದು ಓಣಿಗೆಲ್ಲಾ ಗೊತ್ತೈತಿ," ಎಂದು ನಕ್ಕವಳು ಚಹಾ ಕುಡಿಯದೆ, ರೊಟ್ಟಿ ಮುಟ್ಟದೆ ಯಾರ್ಡಿಗೆ ಓಡಿದಳು. ಆ ದಿನವೆಲ್ಲ ಕೂತು ಬರೆದಳು. ಇನ್ನು ಮೇಲೆ ತಪ್ಪಿದ ತಿವಿತಗಳು ರಾಶಿಯಾಗಿ ಬೀಳುವುದಿಲ್ಲ. ದಿನದ ತಿವಿತಗಳ ನಡುವಿನ ಜಾಗವನ್ನು ಒಂದು ಚೂರು ಕಡಿಮೆ ಮಾಡಿ, ಬಾಕಿ ಮುಟ್ಟುವವರೆಗೆ ಒಂದೊಂದಾಗಿ ಸೇರಿಸುತ್ತಾ ಹೋಗುವುದು.

ಪರೀಕ್ಷೆಯ ದಿನ ಮರುದಿನ, ಅಮಾವಾಸ್ಯೆಯೂ ಅಂದೇ. ಬುತ್ತಿ ಕಟ್ಟಿಕೊಂಡು ನಾನೂ ಬಸ್ಸು ಹತ್ತಿದೆ. ಇಳಿಯುವಾಗ ನನ್ನ ಬಿಳಿ ಸೀರೆ ಕಾವಿಯಾಗಿತ್ತು, ಖರ್ಚಿಲ್ಲದೆ ಸನ್ಯಾಸ.

"ಅಜ್ಜಿ, ಈ ಧೂಳಾಗ ನೀವ್ಯಾಕ ಬಂದ್ರಿ? ಕುಂದ್ರಿ," ಎಂದ ಸಾಹುಕಾರ.

"ನಿಮ್ಮ ಧೂಳು ನಮ್ಮ ಮನಿಗೆ ದಿನಾ ಬರತೈತ್ರಿ. ಒಮ್ಮೆ ನಾವೂ ಬರಬೇಕಲ್ಲ."

ತವರಿನ ಡ್ರೈವರನ ಗಾಡಿಯನ್ನೇ ಪರೀಕ್ಷೆಗೆ ಇಟ್ಟಿದ್ದರು. ಹಳೆ ಲೋಡು ಇಳಿಸಿ, ಖಾಲಿ ಲಾರಿ ಒಳಕಾಟಾ ಹತ್ತಿತು, ಚೀಟಿ ಬಂತು, ತುಂಬಲು ಹೋಯಿತು. ಅವನು ಕಿಟಕಿಯಿಂದ ಕೂಗಿದ: "ಅತ್ತಿ, ಈ ಸಲನಾದ್ರೂ ನಾ ಬಂದ ಮ್ಯಾಲ ಹೋಗ್ತೀನೇನು?"

"ಬಂದೀಯಪ್ಪ, ನಾ ಕಣ್ಣಾರೆ ನೋಡೀನಿ. ಸಾಕ್ಷಿ ಹೇಳ್ತೀನಿ."

ಬೆಳಗಿನ ಸಾಲು ಸಾಲು ಲಾರಿಗಳಲ್ಲಿ ಹೈಪರ್‌ವೈಸರ್ ಯಜಮಾನ ಮುಳುಗಿದ. ಹೊರಕಾಟಾಕ್ಕೆ ಮೊದಲು ಬೇರೊಂದು ಲಾರಿ ಬಂತು, ಅಲುಗಿತು, ನಿಂತಿತು. ನಿಂತ ಮೇಲೆಯೇ ತೂಕ ಅಚ್ಚಾಯಿತು. ಸಾಹುಕಾರ ಚೀಟಿಯ ಹೊತ್ತನ್ನು ತನ್ನ ಬಂಗಾರದ ವಾಚಿಗೆ ಹಿಡಿದು ನೋಡಿದ. ಹೊತ್ತು ಹಿಂದಿತ್ತು. ಅವನ ಮುಖ ಕೆಂಪಾಯಿತು, ಅಥವಾ ಧೂಳಿದ್ದರೂ ಇರಬಹುದು.

"ತಡೀರಿ ಸರ್, ಮುಟ್ಟತೈತಿ," ಎಂದಳು ಮೊಮ್ಮಗಳು. ಅವಳ ಧ್ವನಿ ಗಟ್ಟಿಯಿತ್ತು, ಮುಂದಿನ ಲಾರಿಗೆ ಬಾ ಎಂದು ಕೈ ಮಾಡಿದಳು.

ಮುಂದಿನ ಲಾರಿಗೆ ಹಿಂದಿದ್ದದ್ದು ಕಡಿಮೆಯಾಯಿತು. ಅದರ ಮುಂದಿನದಕ್ಕೆ ಇನ್ನೂ ಕಡಿಮೆ. ನಮ್ಮ ಡ್ರೈವರ್ ಅದಿರು ತುಂಬಿಕೊಂಡು ಕಾಟಾ ಹತ್ತಿ, ಲಾರಿಯ ಕುಣಿತ ನಿಂತು, ಚೀಟಿ ಹೊರಬಿದ್ದಾಗ ಸಾಹುಕಾರ ವಾಚು ನೋಡಿದ, ಚೀಟಿ ನೋಡಿದ, ಮತ್ತೆ ವಾಚು ನೋಡಿ ಅದನ್ನು ಕಿವಿಗೆ ಹಿಡಿದ. ಎರಡೂ ಒಂದೇ ಆಗಿದ್ದವು.

"ನಾ ಅವತ್ತ ಹೇಳಿದ್ನೆಲ್ಲ, ಸಣ್ಣ ಪ್ರಾಬ್ಲಂ ಐತಿ ಅಂತ," ಎಂದು ಜನರತ್ತ ತಿರುಗಿದ. ಡ್ರೈವರನಿಗೆ ಇನ್ನು ಹೋಗು ಎಂದು ಕೈ ಬೀಸಿದ. ಮೊಮ್ಮಗಳು ಆಗ ಬುತ್ತಿ ಬಿಚ್ಚಿದಳು. ಎರಡು ದಿನದ ರೊಟ್ಟಿಯನ್ನು ಒಂದೇ ಹೊತ್ತಿಗೆ ತಿಂದಳು. ಅಲ್ಲಿ ಅವಳಿಗೆ ನಡುವಿನ ಜಾಗದ ನೆನಪೇ ಬರಲಿಲ್ಲ.

ಮನೆಗೆ ನಾನು ಆ ಲಾರಿಯಲ್ಲೇ ಹೊರಟೆ, ಕ್ಯಾಬಿನ್ನಿನಲ್ಲಿ, ಮಹಾರಾಣಿಯ ಹಾಗೆ. ದಾರಿಯುದ್ದಕ್ಕೂ ದಿನದ ಜಪ ಮುಗಿಸಿ, ಬಾಕಿಯಲ್ಲಿ ಹತ್ತು ಸೇರಿಸಿದೆ, ಉಸಿರು ಬಿಟ್ಟು ಬಿಟ್ಟು. ಚೆಕ್‌ಪೋಸ್ಟಿನವನು ಚೀಟಿಯನ್ನು ಬಿಸಿಲಿಗೆ ಹಿಡಿದು ಹೊತ್ತನ್ನು ಮತ್ತೆ ಮತ್ತೆ ಓದಿದ. ಹಿಂದಿದ್ದ ಅದಿರಿನತ್ತ ತಿರುಗಿಯೂ ನೋಡಲಿಲ್ಲ.

"ಎಲ್ಲಾ ಸರಿ ಐತಿ, ನಡೀರಿ," ಎಂದ.

"ಆ ಟೈಮು ನನ್ನ ಮೊಮ್ಮಗಳು ಮಾಡಿದ್ದುರಿ," ಎಂದೆ ಕಿಟಕಿಯಿಂದ.

ಅವನು ಕಣ್ಣು ಕಣ್ಣು ಬಿಟ್ಟ. ಇಳಿದು ಮೊದಲಿನಿಂದ ವಿವರಿಸೋಣವೆಂದು ನಾನು ಬಾಗಿಲಿಗೆ ಕೈ ಹಾಕಿದೆ. ಅಷ್ಟರಲ್ಲಿ ಡ್ರೈವರ್ ಜಲ್ದಿ ಜಲ್ದಿ ಗೇರು ಹಾಕಿಬಿಟ್ಟ.